ಕಿಡ್ನಿ ಕೆಟ್ಟಾಗ ಗಂಡಸರು ಬಾಯಿಬಿಡದ ತೊಂದರೆ

ಡಯಾಲಿಸಿಸ್‌ಗೆ ಬರುವವರ ಕೇಸ್ ಶೀಟಿನಲ್ಲಿ ತೂಕ, ಬಿ.ಪಿ., ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಪೊಟ್ಯಾಶಿಯಂ ಎಲ್ಲವೂ ಇರುತ್ತವೆ. ದಾಂಪತ್ಯ ಹೇಗಿದೆ, ಮಕ್ಕಳು ಬೇಕೆಂಬ ಆಸೆ ಉಂಟೇ ಎನ್ನುವ ಪ್ರಶ್ನೆಗೆ ಅದರಲ್ಲಿ ಜಾಗ ಸಿಗುವುದು ಅಪರೂಪ. ಕೇಳಿದರೆ ಏನು ಉತ್ತರ ಬರುತ್ತದೆ ಎನ್ನುವುದು ವೈದ್ಯಲೋಕಕ್ಕೆ ಗೊತ್ತಿಲ್ಲದ ಸಂಗತಿಯಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಪರಾಮರ್ಶೆಯೊಂದು 2010ರಲ್ಲಿ ಪ್ರಕಟವಾಯಿತು. ದೀರ್ಘಕಾಲದ ಕಿಡ್ನಿ ಕಾಯಿಲೆ ಇರುವ ಗಂಡಸರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ನಿಮಿರುವಿಕೆಯ ತೊಂದರೆ ಇದೆ ಎಂದು ಅದು ಲೆಕ್ಕ ಹಾಕಿತು. ಇಷ್ಟು ಜನರನ್ನು ಕಾಡುವ ತೊಂದರೆಯನ್ನು ಕಾಯಿಲೆಯ ಲಕ್ಷಣವೆಂದು ಎಣಿಸಬೇಕೇ ಹೊರತು ಒಬ್ಬೊಬ್ಬರ ಮಾನದ ವಿಷಯವೆಂದು ಮುಚ್ಚಿಡಬಾರದು.

ಹಾಸನ ಜಿಲ್ಲೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ನೋಡಲು ಕಾರಣವಿದೆ. ಡಯಾಲಿಸಿಸ್ ಎಂದರೆ ಮೈಸೂರು, ಬೆಂಗಳೂರು ಎನ್ನುವಂತಿದ್ದ ಕಾಲವನ್ನು ಇಲ್ಲಿನ ಹಿರಿಯರು ಮರೆತಿಲ್ಲ. 2006ರಲ್ಲಿ ಹಾಸನಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು, ಅಂದರೆ ಈಗ ಎಲ್ಲರೂ ‘ಹಿಮ್ಸ್’ ಎನ್ನುವ ಸಂಸ್ಥೆ, ಬಂತು. 2016ರಲ್ಲಿ ಕೇಂದ್ರದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾಯಿತು. ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆಗಳವರೆಗೂ ಡಯಾಲಿಸಿಸ್ ಯಂತ್ರ ಇಳಿದು ಬಂದಿತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ರೈತನಿಗೆ ಇದರಿಂದ ಆಗಿರುವ ಉಪಕಾರ ಸಣ್ಣದಲ್ಲ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ತಾಸು ಯಂತ್ರದ ಪಕ್ಕ ಮಲಗಬೇಕಾದವನಿಗೆ ಆಸ್ಪತ್ರೆ ಹತ್ತಿರವಿದ್ದಷ್ಟೂ ಆಯುಸ್ಸು. ಹೀಗೆ ಹಿಂದಿನವರಿಗಿಂತ ಹೆಚ್ಚು ವರ್ಷ ಬದುಕುವವರಲ್ಲಿ ಮೂವತ್ತು, ನಲವತ್ತರ ಹರೆಯದವರೂ ಇದ್ದಾರೆ. ಆಗಷ್ಟೇ ಮದುವೆಯಾದವರು, ಒಂದು ಮಗುವಾಗಿ ಇನ್ನೊಂದು ಬೇಕೆನ್ನುವವರು ಇದ್ದಾರೆ. ಉಸಿರು ಉಳಿಸುವ ವ್ಯವಸ್ಥೆ ತಾಲ್ಲೂಕಿಗೆ ಬಂದಿದೆ, ಸಂಸಾರ ಉಳಿಸುವ ಮಾತು ಇನ್ನೂ ಬಂದಿಲ್ಲ.

ಕಿಡ್ನಿಗೂ ಗಂಡಸಿನ ಹಾರ್ಮೋನಿಗೂ ಏನು ಸಂಬಂಧ? ಟೆಸ್ಟೋಸ್ಟೆರೋನ್ ತಯಾರಾಗುವುದು ಮುಖ್ಯವಾಗಿ ವೃಷಣಗಳ ಲೈಡಿಗ್ ಕೋಶಗಳಲ್ಲಿ. ಆದರೆ ವೃಷಣ ತನ್ನಷ್ಟಕ್ಕೆ ಕೆಲಸ ಮಾಡುವುದಿಲ್ಲ. ಮಿದುಳಿನ ಬುಡದ ಹೈಪೋಥಲಾಮಸ್ ಒಂದೂವರೆ ಎರಡು ತಾಸಿಗೊಮ್ಮೆ ಬಿಟ್ಟುಬಿಟ್ಟು ಒಂದು ಸಂಕೇತ ಕಳಿಸುತ್ತದೆ. ಅದನ್ನು ಪಡೆದ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎಲ್‌ಎಚ್ ಟೆಸ್ಟೋಸ್ಟೆರೋನ್ ಮಾಡಿಸುತ್ತದೆ. ಎಫ್‌ಎಸ್‌ಎಚ್ ವೀರ್ಯಾಣು ಬೆಳೆಯುವ ಸೂಕ್ಷ್ಮ ನಾಳಗಳನ್ನು ನೋಡಿಕೊಳ್ಳುತ್ತದೆ. ಗೊರೂರಿನ ಹೇಮಾವತಿ ನಾಲೆಯ ಕೊನೆಯಲ್ಲಿ ನೀರು ಸಾಲದೆಂದು ಸುದ್ದಿ ಮುಟ್ಟಿದರೆ ಮೇಲೆ ತೂಬು ಎತ್ತುವಂತೆ, ಕೆಳಗೆ ಟೆಸ್ಟೋಸ್ಟೆರೋನ್ ಕಡಿಮೆಯಾದರೆ ಮೇಲಿನಿಂದ ಎಲ್‌ಎಚ್ ಹೆಚ್ಚಬೇಕು.

ಕಿಡ್ನಿ ಸೋತಾಗ ಈ ಸರಣಿಯ ಒಂದು ಕಡೆಯಲ್ಲ, ಎಲ್ಲ ಕಡೆಯೂ ಏರುಪೇರಾಗುತ್ತದೆ. 1970ರ ದಶಕದಲ್ಲೇ ಇದು ಗೊತ್ತಾಗಿತ್ತು. 1975ರಲ್ಲಿ ಅಮೆರಿಕದ ವೈದ್ಯರು ಕಿಡ್ನಿ ಕಸಿಗೆ ಮುಂಚೆ ಮತ್ತು ಕಸಿಯ ನಂತರ ರೋಗಿಗಳ ಹಾರ್ಮೋನು ಅಳೆದರು. 1977ರಲ್ಲಿ ಆಸ್ಟ್ರೇಲಿಯಾದ ತಂಡ ಇದೇ ಸರಣಿಯನ್ನು ಮತ್ತೆ ಪರಿಶೀಲಿಸಿತು. ಇಬ್ಬರಿಗೂ ಕಂಡದ್ದು ಹೆಚ್ಚು ಕಡಿಮೆ ಒಂದೇ ಚಿತ್ರ: ಟೆಸ್ಟೋಸ್ಟೆರೋನ್ ತಗ್ಗಿರುತ್ತದೆ, ಎಲ್‌ಎಚ್ ಏರಿರುತ್ತದೆ. ಎಲ್‌ಎಚ್ ಏರಿದೆ ಎಂದಮೇಲೆ ತಪ್ಪೆಲ್ಲ ವೃಷಣದ್ದೇ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ ಎಲ್‌ಎಚ್ ಅನ್ನು ರಕ್ತದಿಂದ ತೆಗೆದುಹಾಕುವ ಕೆಲಸದಲ್ಲಿ ಕಿಡ್ನಿಗೂ ಪಾಲಿದೆ. ಕೆಟ್ಟ ಕಿಡ್ನಿ ಅದನ್ನು ತೆಗೆಯದೇ ಬಿಟ್ಟಾಗ ರಕ್ತದಲ್ಲಿ ಅದು ಹೆಚ್ಚಾಗಿ ಕಾಣುತ್ತದೆ. ಟೆಸ್ಟೋಸ್ಟೆರೋನ್ ಕುಸಿದಿರುವ ಪ್ರಮಾಣಕ್ಕೆ ಹೋಲಿಸಿದರೆ ಆ ಏರಿಕೆಯೂ ಸಾಲದು. ಹೈಪೋಥಲಾಮಸ್ ಕಳಿಸುವ ಸಂಕೇತವೇ ಬಲ ಕಳೆದುಕೊಂಡಿರುತ್ತದೆ. ಅಂದರೆ ತೊಂದರೆ ಕೆಳಗೂ ಇದೆ, ಮೇಲೂ ಇದೆ.

1997ರಲ್ಲಿ ಹೆಲ್ಸಿಂಕಿಯ ತಜ್ಞರು ಇನ್ನೊಂದು ಅಂಶ ಸೇರಿಸಿದರು. ಕಿಡ್ನಿ ಸೋತ ಹುಡುಗರ ರಕ್ತದಲ್ಲಿ, ಎಲ್‌ಎಚ್ ಹೋಗಿ ಕೂರಬೇಕಾದ ಗ್ರಾಹಕವನ್ನೇ ತಡೆಯುವ ಯಾವುದೋ ವಸ್ತು ತಿರುಗಾಡುತ್ತಿದೆ ಎಂದು ಅವರು ತೋರಿಸಿದರು. ಹುಡುಗರು ಎಂದಾಗ ಒಂದು ಮಾತು ಹೇಳಲೇಬೇಕು. ಹುಟ್ಟಿನಿಂದಲೇ ಮೂತ್ರನಾಳದ ದೋಷವಿದ್ದು ಕಿಡ್ನಿ ಹಾಳಾದ ಮಕ್ಕಳಲ್ಲಿ ಎತ್ತರ ಕುಂಠಿತವಾಗುತ್ತದೆ, ದನಿ ಒಡೆಯುವುದು, ಮೀಸೆ ಮೂಡುವುದು ವರ್ಷಗಟ್ಟಲೆ ತಡವಾಗುತ್ತದೆ. ಹತ್ತನೇ ತರಗತಿಯ ಹುಡುಗ ಆರನೆಯವನಂತೆ ಕಂಡರೆ ಮನೆಯವರು ‘ನಮ್ಮ ವಂಶವೇ ಹಾಗೆ’ ಎಂದು ಸುಮ್ಮನಾಗುತ್ತಾರೆ. ಒಂದು ಮೂತ್ರ ಪರೀಕ್ಷೆ, ಒಂದು ಕ್ರಿಯಾಟಿನಿನ್ ಮಾಡಿಸಿದರೆ ಕಾರಣ ಅಲ್ಲೇ ಸಿಗಬಹುದು.

ಪ್ರೊಲ್ಯಾಕ್ಟಿನ್ ಕಥೆ ಬೇರೆ. ತಾಯಂದಿರಲ್ಲಿ ಹಾಲು ಬರಿಸುವ ಈ ಹಾರ್ಮೋನು ಗಂಡಸರಲ್ಲೂ ಸ್ವಲ್ಪ ಇರುತ್ತದೆ. ಕಿಡ್ನಿ ಕಾಯಿಲೆಯಲ್ಲಿ ಅದರ ಉತ್ಪತ್ತಿ ಹೆಚ್ಚುತ್ತದೆ, ವಿಸರ್ಜನೆ ತಗ್ಗುತ್ತದೆ. ಹೆಚ್ಚಿದ ಪ್ರೊಲ್ಯಾಕ್ಟಿನ್ ಆಸೆಯನ್ನು ಕುಗ್ಗಿಸುತ್ತದೆ, ಹೈಪೋಥಲಾಮಸ್‌ನ ಸಂಕೇತವನ್ನು ಮತ್ತಷ್ಟು ಅದುಮುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವ ಗಂಡಸರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಎದೆ ಉಬ್ಬುವುದು ಕಾಣುತ್ತದೆ. ಗದ್ದೆ ಕೆಲಸದಲ್ಲಿ ಅಂಗಿ ಕಳಚಲು, ಹೊಳೆಯಲ್ಲಿ ಈಜಲು ಸಂಕೋಚಪಡುವ ಮಟ್ಟಿಗೆ ಇದು ಕೆಲವರನ್ನು ನೋಯಿಸುತ್ತದೆ. ಹಾರ್ಮೋನುಗಳ ತೂಕ ತಪ್ಪಿರುವುದರ ಲಕ್ಷಣ ಇದು, ಗಂಡಸುತನ ಹೋಯಿತೆಂಬುದರ ಗುರುತಲ್ಲ. ವಾಂತಿಗೆಂದು ಕೊಡುವ ಮೆಟೊಕ್ಲೊಪ್ರಮೈಡ್, ಡೋಂಪೆರಿಡೋನ್‌ನಂಥ ಮಾತ್ರೆಗಳು ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಬಿ.ಪಿ. ಮತ್ತು ಹೃದಯಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್‌ನಿಂದಲೂ ಎದೆ ಉಬ್ಬಬಹುದು. ಹೀಗಾಗಿ ಮೊದಲು ನೋಡಬೇಕಾದದ್ದು ರೋಗಿಯ ಮಾತ್ರೆ ಚೀಲ.

ಆ ಚೀಲದ ಬಗ್ಗೆ ಒಂದು ಎಚ್ಚರಿಕೆಯೂ ಅಗತ್ಯ. ‘ಬಿ.ಪಿ. ಮಾತ್ರೆ ನುಂಗಿದರೆ ಗಂಡಸುತನ ಹೋಗುತ್ತದೆ’ ಎಂಬ ಮಾತು ಹಳ್ಳಿಗಳಲ್ಲಿ ಹರಿದಾಡುತ್ತದೆ. ಹಳೆಯ ಕೆಲವು ಬೀಟಾ ಬ್ಲಾಕರ್‌ಗಳು, ಥಯಜೈಡ್ ಮಾತ್ರೆಗಳು ತೊಂದರೆ ಕೊಡಬಲ್ಲವು ಎನ್ನುವುದು ನಿಜ. ಆದರೆ ಬದಲಿ ಮಾತ್ರೆಗಳಿವೆ. ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದವನ ಬಿ.ಪಿ. ಏರಿ ಉಳಿದಿದ್ದ ಕಿಡ್ನಿಯೂ ಹೋಗುತ್ತದೆ, ಅದರ ಹಿಂದೆಯೇ ಹಾರ್ಮೋನೂ ಕುಸಿಯುತ್ತದೆ.

ಇಷ್ಟೆಲ್ಲ ಹಾರ್ಮೋನಿನ ಮಾತಾಡಿದ ಮೇಲೆ, ತೊಂದರೆ ಅದೊಂದರಿಂದಲೇ ಅಲ್ಲ ಎಂದೂ ಹೇಳಬೇಕು. ಈ ಭಾಗದಲ್ಲೂ ದೇಶದ ಉಳಿದೆಡೆಯಂತೆ ಕಿಡ್ನಿ ಕೆಡಿಸುವ ದೊಡ್ಡ ಕಾರಣಗಳು ಶುಗರ್ ಮತ್ತು ಬಿ.ಪಿ. ಇವೆರಡೂ ರಕ್ತನಾಳ, ನರಗಳನ್ನು ನೇರವಾಗಿ ಹಾಳುಮಾಡುತ್ತವೆ. ನಿಮಿರುವಿಕೆಗೆ ರಕ್ತನಾಳ ಹಿಗ್ಗಬೇಕು. ನಾಳವೇ ಪೆಡಸಾದರೆ ಹಾರ್ಮೋನು ಎಷ್ಟಿದ್ದರೂ ಫಲವಿಲ್ಲ. ಅರಕಲಗೂಡು ತಾಲ್ಲೂಕು ಹೊಗೆಸೊಪ್ಪಿನ ನಾಡು, ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆಯೇ ಇದೆ. ಬೆಳೆಯುವುದು ಜೀವನೋಪಾಯ, ಅದರ ಚರ್ಚೆ ಬೇರೆ. ಸೇದುವುದು ಮಾತ್ರ ಕಿಡ್ನಿಯ ಸವೆತವನ್ನೂ ನಾಳದ ಪೆಡಸನ್ನೂ ಒಟ್ಟಿಗೇ ಹೆಚ್ಚಿಸುತ್ತದೆ. ಇದರ ಮೇಲೆ ರಕ್ತಹೀನತೆಯ ಸುಸ್ತು, ಡಯಾಲಿಸಿಸ್ ಮುಗಿಸಿ ಬಂದ ದಿನದ ಬಳಲಿಕೆ, ಸಾಲದ ಯೋಚನೆ, ಖಿನ್ನತೆ.

ರಕ್ತಹೀನತೆಗೂ ಟೆಸ್ಟೋಸ್ಟೆರೋನಿಗೂ ಹಳೆಯ ನಂಟಿದೆ. ಕೆಂಪು ರಕ್ತಕಣ ಹೆಚ್ಚಿಸುವ ಎರಿತ್ರೊಪೊಯೆಟಿನ್ ಚುಚ್ಚುಮದ್ದು ಅಮೆರಿಕದಲ್ಲಿ 1989ರಲ್ಲಿ ಬಳಕೆಗೆ ಬರುವ ಮುಂಚೆ ಡಯಾಲಿಸಿಸ್ ರೋಗಿಗಳಿಗೆ ಗಂಡು ಹಾರ್ಮೋನಿನ ಜಾತಿಯ ನ್ಯಾಂಡ್ರೊಲೋನ್ ಚುಚ್ಚುತ್ತಿದ್ದರು. ಟೆಸ್ಟೋಸ್ಟೆರೋನ್ ಕಡಿಮೆ ಇರುವವರಲ್ಲಿ ರಕ್ತ ಕಡಿಮೆ, ಸ್ನಾಯು ಕಡಿಮೆ, ಮೂಳೆ ಸಡಿಲ. 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಡಯಾಲಿಸಿಸ್‌ನಲ್ಲಿದ್ದ 126 ಗಂಡಸರನ್ನು ಅನುಸರಿಸಿ ನೋಡಿದಾಗ ಟೆಸ್ಟೋಸ್ಟೆರೋನ್ ತೀರ ಕಡಿಮೆ ಇದ್ದವರಲ್ಲಿ ಸಾವು ಹೆಚ್ಚಾಗಿ ಕಂಡಿತು. ಹಾರ್ಮೋನು ತಗ್ಗಿದ್ದರಿಂದಲೇ ಸತ್ತರೆಂದು ಇದರಿಂದ ತೀರ್ಮಾನಿಸಲಾಗದು. ಕಾಯಿಲೆ ಬಲವಾಗಿದ್ದವರಲ್ಲಿ ಹಾರ್ಮೋನೂ ತಗ್ಗಿರಬಹುದು. ಆದರೂ ಈ ಪರೀಕ್ಷೆ ಮಂಚದ ವಿಷಯಕ್ಕೆ ಮಾತ್ರ ಸೇರಿದ್ದಲ್ಲ ಎಂಬುದಕ್ಕೆ ಇಷ್ಟು ಸಾಕು.

ಮಕ್ಕಳಾಗುವ ಪ್ರಶ್ನೆಯಲ್ಲಿ ಹೆಚ್ಚು ನೋವು ತಿನ್ನುವವಳು ಹೆಂಡತಿ. ಮದುವೆಯಾಗಿ ಮೂರು ವರ್ಷ ಕಳೆದರೂ ಮಗುವಾಗದಿದ್ದರೆ ಮೊದಲು ಆಸ್ಪತ್ರೆಗೆ ಹೋಗುವವಳು ಅವಳು, ಹರಕೆ ಹೊರುವವಳು ಅವಳು, ಮಾತು ಕೇಳುವವಳೂ ಅವಳೇ. ಗಂಡನ ಕಿಡ್ನಿ ಮೌನವಾಗಿ ಸೋಲುತ್ತಿರಬಹುದು ಎಂಬ ಅನುಮಾನ ಯಾರಿಗೂ ಬರುವುದಿಲ್ಲ. ಕಿಡ್ನಿ ಬಹಳ ದೂರ ಕೆಡುವವರೆಗೂ ನೋವು ಕೊಡುವುದಿಲ್ಲವಷ್ಟೆ. ಕಾಯಿಲೆ ಮುಂದುವರಿದವರಲ್ಲಿ ವೀರ್ಯದ ಪ್ರಮಾಣ, ವೀರ್ಯಾಣುಗಳ ಸಂಖ್ಯೆ, ಅವುಗಳ ಚಲನೆ ಎಲ್ಲವೂ ಕುಗ್ಗುತ್ತವೆ. ಕೆಲವರಲ್ಲಿ ವೀರ್ಯಾಣುವೇ ಇರುವುದಿಲ್ಲ. ವಂಶದಲ್ಲಿ ಹರಿದುಬರುವ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆಯಲ್ಲಿ ವೀರ್ಯಕೋಶದಲ್ಲೂ ನೀರುಗುಳ್ಳೆಗಳಾಗಬಹುದು. ಆ ಕಾಯಿಲೆ ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ, ಹಾಗಾಗಿ ಮಗುವಿಗೆ ಮುಂಚೆ ತಿಳಿವಳಿಕೆಯ ಮಾತುಕತೆ ಬೇಕು. ಕೆಲವು ಬಗೆಯ ಕಿಡ್ನಿ ಉರಿಯೂತಕ್ಕೆ ಸೈಕ್ಲೊಫಾಸ್ಫಮೈಡ್ ಕೊಡುತ್ತಾರೆ. ಜೀವ ಉಳಿಸುವ ಔಷಧವೇ ಅದು, ಆದರೆ ವೃಷಣಕ್ಕೆ ವಿಷ. ಮದುವೆಯಾಗದ ಹುಡುಗನಿಗೆ ಇದನ್ನು ಶುರು ಮಾಡುವ ಮುಂಚೆ ವೀರ್ಯವನ್ನು ಶೈತ್ಯೀಕರಿಸಿ ಇಡುವ ಅವಕಾಶವಿದೆ ಎಂದು ಹೇಳುವುದು ವೈದ್ಯರ ಕರ್ತವ್ಯ. ಒಂದು ದಿನ ತಡವಾದರೂ ಆ ಅವಕಾಶ ಕೈಜಾರಬಹುದು.

ಮನೆಮಂದಿ ಸುಮ್ಮನೆ ಕೂರುವುದಿಲ್ಲ. ಗಂಡಸು ಸೊರಗಿದನೆಂದರೆ ಬಾದಾಮಿ, ಖರ್ಜೂರ, ಬಾಳೆಹಣ್ಣು, ಎಳನೀರು ಬರುತ್ತವೆ. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟವಿಲ್ಲದ ಮನೆ ಕಡಿಮೆ, ‘ದಿನಾ ಒಂದು ಎಳನೀರು ಕುಡಿ, ಶಕ್ತಿ ಬರ್ತದೆ’ ಎನ್ನುವುದು ಪ್ರೀತಿಯ ಮಾತು. ಆದರೆ ಎಳನೀರಿನಲ್ಲಿ ಪೊಟ್ಯಾಶಿಯಂ ಬಹಳ. ಸೋತ ಕಿಡ್ನಿ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಪೊಟ್ಯಾಶಿಯಂ ಏರಿದರೆ ಹೃದಯದ ಬಡಿತವೇ ನಿಲ್ಲಬಹುದು. ಹಾಸನದ ಹೆಸರಿನ ಜೊತೆಗೇ ಬರುವ ಆಲೂಗಡ್ಡೆಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಎಳನೀರಿಗಿಂತ ಭಯಂಕರವಾದದ್ದು ಗೋಡೆಬರಹದ ವೈದ್ಯ. ಬಸ್ ಸ್ಟ್ಯಾಂಡಿನ ಗೋಡೆ, ಶೌಚಾಲಯದ ಬಾಗಿಲು, ಈಗ ಮೊಬೈಲಿನ ಪರದೆ, ಎಲ್ಲೆಡೆ ‘ಗುಪ್ತರೋಗ’, ‘ಪುರುಷ ಶಕ್ತಿ’ ಎಂಬ ಭರವಸೆ. ಇಂಥ ಜಾಹೀರಾತು ಅಪರಾಧ ಎಂದು ನಮ್ಮ ದೇಶ 1954ರಲ್ಲೇ, ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲಿ, ಬರೆದಿಟ್ಟಿದೆ. ಬರೆದಿಟ್ಟದ್ದು ಗೋಡೆಯವರೆಗೆ ಬಂದಿಲ್ಲ. ಲಾಡ್ಜಿನ ಕೋಣೆಯಲ್ಲಿ ತಿಂಗಳಿಗೊಮ್ಮೆ ಕೂರುವವನು ಕೊಡುವ ಪೊಟ್ಟಣದಲ್ಲಿ ಏನಿದೆ ಎಂದು ಕೊಡುವವನೂ ಹೇಳುವುದಿಲ್ಲ, ಕೊಳ್ಳುವವನೂ ಕೇಳುವುದಿಲ್ಲ. ಪಾದರಸ ಬೆರೆತ ನಾಟಿ ಔಷಧಿಗಳು ಕಿಡ್ನಿಯ ಶೋಧಕ ಪೊರೆಯನ್ನೇ ಕೆಡಿಸಿ, ಮೂತ್ರದಲ್ಲಿ ಪ್ರೋಟೀನ್ ಸೋರುವಂತೆ ಮಾಡಿದ ಪ್ರಕರಣಗಳನ್ನು ಚೆನ್ನೈನ ತಜ್ಞರು 2022ರಲ್ಲಿ ದಾಖಲಿಸಿದರು. ಅದರ ಮುಂದಿನ ವರ್ಷಗಳಲ್ಲಿ ಕೇರಳದ ಮಲಪ್ಪುರಂ ಕಡೆಯಿಂದ, ಬಿಳಿಯಾಗಲು ಹಚ್ಚುವ ಪಾದರಸದ ಕ್ರೀಮುಗಳಿಂದಲೂ ಅದೇ ಕಾಯಿಲೆ ವರದಿಯಾಯಿತು. ಔಷಧಿ ನಿಲ್ಲಿಸಿದಾಗ ಹಲವರು ಚೇತರಿಸಿಕೊಂಡರು. ಆದರೆ ಆಗಲೇ ಅರ್ಧ ಕಿಡ್ನಿ ಕಳೆದುಕೊಂಡವನಿಗೆ ಚೇತರಿಕೆಯ ಅವಕಾಶ ಎಷ್ಟಿದ್ದೀತು? ನಾಚಿಕೆಯಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಬಾಯಿಬಿಡದವನು ಅದೇ ನಾಚಿಕೆಯಿಂದ ಸಾವಿರಾರು ರೂಪಾಯಿ ಕೊಟ್ಟು ವಿಷ ಕೊಳ್ಳುತ್ತಾನೆ. ಈ ಇಡೀ ಪ್ರಶ್ನೆಯಲ್ಲಿ ನನ್ನನ್ನು ಅತಿ ಹೆಚ್ಚು ಕಲಕುವ ಸಂಗತಿ ಇದೇ.

ಹಾಗಾದರೆ ಆಗಬೇಕಾದ್ದೇನು? ಮೊದಲು ಪರೀಕ್ಷೆ. ಟೆಸ್ಟೋಸ್ಟೆರೋನ್ ಬೆಳಗ್ಗೆ ಹೆಚ್ಚು, ಸಂಜೆಗೆ ಇಳಿಯುತ್ತದೆ. ಹಾಗಾಗಿ ಏಳರಿಂದ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ, ಡಯಾಲಿಸಿಸ್ ಶುರುವಾಗುವ ಮುಂಚೆ ರಕ್ತ ಕೊಡಬೇಕು. ಡೆಸಿಲೀಟರಿಗೆ 300 ನ್ಯಾನೊಗ್ರಾಂಗಿಂತ ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ನೋಡಿ ಖಚಿತಪಡಿಸಿಕೊಳ್ಳಬೇಕು. ಜೊತೆಗೆ ಎಲ್‌ಎಚ್, ಪ್ರೊಲ್ಯಾಕ್ಟಿನ್. ಮಗು ಬೇಕೆನ್ನುವವರಿಗೆ ಎಫ್‌ಎಸ್‌ಎಚ್ ಮತ್ತು ವೀರ್ಯ ಪರೀಕ್ಷೆ.

ಡಯಾಲಿಸಿಸ್ ರಕ್ತದ ಕಲ್ಮಶ ತೆಗೆಯುತ್ತದೆ, ಆದರೆ ಹಾರ್ಮೋನನ್ನು ಸಾಮಾನ್ಯವಾಗಿ ಸರಿಪಡಿಸುವುದಿಲ್ಲ. ರಕ್ತಹೀನತೆ ತಿದ್ದಿದರೆ ಕೆಲವರಿಗೆ ಹುರುಪು ಮರಳುತ್ತದೆ. ಹಾರ್ಮೋನಿಗೂ ಸತುವಿನ ಕೊರತೆಗೂ ಇರುವ ನಂಟಿನಲ್ಲಿ ಒಂದು ಭಾರತೀಯ ಎಳೆಯೂ ಇದೆ. ಮನುಷ್ಯರಲ್ಲಿ ಸತುವಿನ ಕೊರತೆಯಿಂದ ಬೆಳವಣಿಗೆ, ಲೈಂಗಿಕ ಬೆಳವಣಿಗೆ ಎರಡೂ ಕುಂಠಿತವಾಗುತ್ತವೆಂದು ಇರಾನ್ ಮತ್ತು ಈಜಿಪ್ಟಿನ ಹುಡುಗರಲ್ಲಿ ಮೊದಲು ಗುರುತಿಸಿದವರು ಬಿಹಾರ ಮೂಲದ ಡಾ. ಆನಂದ ಪ್ರಸಾದ್. ಅವರ ಡೆಟ್ರಾಯಿಟ್ ತಂಡವೇ 1982ರಲ್ಲಿ, ಡಯಾಲಿಸಿಸ್‌ನಲ್ಲಿದ್ದ ಗಂಡಸರಿಗೆ ಸತು ಕೊಟ್ಟಾಗ ಟೆಸ್ಟೋಸ್ಟೆರೋನ್ ಏರಿತೆಂದು ವರದಿ ಮಾಡಿತು. ಮುಂದಿನ ಅಧ್ಯಯನಗಳಲ್ಲಿ ಫಲ ಅಷ್ಟು ಖಚಿತವಾಗಿ ಕಾಣಲಿಲ್ಲ. ಕೊರತೆ ಇರುವವರಿಗೆ ಕೊಡುವುದು ಸರಿ, ಎಲ್ಲರಿಗೂ ಹಂಚುವ ಮಾತ್ರೆ ಅದಲ್ಲ.

ನಿಮಿರುವಿಕೆಗೆಂದು ಕೊಡುವ ಸಿಲ್ಡೆನಾಫಿಲ್ ಜಾತಿಯ ಮಾತ್ರೆಗಳು ಕಿಡ್ನಿ ರೋಗಿಗಳಲ್ಲೂ ಕೆಲಸ ಮಾಡುತ್ತವೆ, ಕಡಿಮೆ ಪ್ರಮಾಣದಿಂದ ಶುರುಮಾಡಬೇಕು. ಎದೆನೋವಿಗೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಟ್ಟುಕೊಳ್ಳುವವರು ಇದನ್ನು ನುಂಗಿದರೆ ಬಿ.ಪಿ. ಪಾತಾಳಕ್ಕಿಳಿದು ಪ್ರಾಣಕ್ಕೇ ಅಪಾಯ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಳ್ಳುವವರು ಇದನ್ನು ನೆನಪಿಡಬೇಕು. ಟೆಸ್ಟೋಸ್ಟೆರೋನ್ ಚುಚ್ಚುಮದ್ದಿನ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಹೊರಗಿನಿಂದ ಕೊಟ್ಟ ಹಾರ್ಮೋನು ಮೇಲಿನ ಸಂಕೇತವನ್ನು ನಿಲ್ಲಿಸಿ ವೀರ್ಯಾಣು ಉತ್ಪತ್ತಿಯನ್ನೇ ಅಡಗಿಸುತ್ತದೆ, ಆದ್ದರಿಂದ ಮಗು ಬೇಕೆನ್ನುವವನಿಗೆ ಅದು ಸಲ್ಲದು. 2023ರಲ್ಲಿ ಹೊರಬಂದ ಟ್ರಾವರ್ಸ್ ಎಂಬ ದೊಡ್ಡ ಅಧ್ಯಯನ, ಹೃದಯಾಘಾತ ಮತ್ತು ಪಾರ್ಶ್ವವಾಯು ಇದರಿಂದ ಹೆಚ್ಚುವುದಿಲ್ಲವೆಂದು ತೋರಿಸಿತು. ಆದರೆ ಹೃದಯದ ಲಯ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಕಿಡ್ನಿಗೆ ಹಠಾತ್ ಪೆಟ್ಟು ಬೀಳುವುದು ಸ್ವಲ್ಪ ಹೆಚ್ಚಾಗಿ ಕಂಡವು. ಕಿಡ್ನಿ ತಜ್ಞರನ್ನು ಬಿಟ್ಟು ಬೇರೆಡೆ ಇದನ್ನು ಚುಚ್ಚಿಸಿಕೊಳ್ಳಬಾರದು.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಕಿಡ್ನಿ ಕಸಿ. ಹೊಸ ಕಿಡ್ನಿ ಹಿಡಿದ ಕೆಲವು ತಿಂಗಳಲ್ಲಿ ಟೆಸ್ಟೋಸ್ಟೆರೋನ್ ಏರುತ್ತದೆ, ಪ್ರೊಲ್ಯಾಕ್ಟಿನ್ ಇಳಿಯುತ್ತದೆ, ಎಷ್ಟೋ ಜನ ತಂದೆಯಾಗುತ್ತಾರೆ. ವೀರ್ಯಾಣುವಿನ ಚೇತರಿಕೆ ಎಲ್ಲರಲ್ಲೂ ಪೂರ್ತಿಯಾಗದು. ಡಯಾಲಿಸಿಸ್‌ನಲ್ಲಿ ವರ್ಷಗಳು ಕಳೆದಷ್ಟೂ ಅದು ಕಷ್ಟ. ಕಸಿಯ ನಂತರ ಕೊಡುವ ಔಷಧಿಗಳಲ್ಲಿ ಸಿರೊಲಿಮಸ್ ವೀರ್ಯಾಣು ತಗ್ಗಿಸುತ್ತದೆ, ಮಗು ಬೇಕೆಂದು ಮೊದಲೇ ಹೇಳಿದರೆ ವೈದ್ಯರು ಬೇರೆಯದಕ್ಕೆ ಬದಲಾಯಿಸಬಲ್ಲರು. ನಮ್ಮ ದೇಶದಲ್ಲಿ ಜೀವಂತ ದಾನಿಗಳಲ್ಲಿ ಹೆಚ್ಚಿನವರು ಹೆಂಗಸರು: ಹೆಂಡತಿ, ತಾಯಿ, ಅಕ್ಕತಂಗಿಯರು. ‘ಕಿಡ್ನಿ ಕೊಟ್ಟರೆ ಗಂಡಸುತನ ಹೋಗುತ್ತದೆ’ ಎಂದು ಅಣ್ಣತಮ್ಮಂದಿರು ಹಿಂಜರಿಯುವುದೂ ಇದಕ್ಕೊಂದು ಕಾರಣ. ಈ ಭಯಕ್ಕೆ ಆಧಾರವಿಲ್ಲ. ಹಾರ್ಮೋನು ಹುಟ್ಟುವುದು ವೃಷಣದಲ್ಲಿ. ತಪಾಸಣೆ ಮಾಡಿ ಆರೋಗ್ಯವಂತನೆಂದು ಒಪ್ಪಿದ ದಾನಿಗೆ ಉಳಿದ ಒಂದು ಕಿಡ್ನಿ ಸಾಕು. ದಾನಿ ಸಿಗದವರು ರಾಜ್ಯದ ಅಂಗದಾನ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಬೆಂಗಳೂರಿನ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆಯಲ್ಲಿ ಕಸಿ ನಡೆಯುತ್ತದೆ.

ಹಾಸನದ ಜಿಲ್ಲಾ ಆಸ್ಪತ್ರೆಯಿಂದ ಹಿಡಿದು ತಾಲ್ಲೂಕುಗಳ ಡಯಾಲಿಸಿಸ್ ಘಟಕಗಳವರೆಗೆ ನಡೆಸುವವರಲ್ಲಿ ಒಂದು ಬೇಡಿಕೆ: ಹೊಸ ರೋಗಿಯ ಕೇಸ್ ಶೀಟಿನಲ್ಲಿ ದಾಂಪತ್ಯ ಮತ್ತು ಸಂತಾನದ ಬಗ್ಗೆ ಒಂದೇ ಒಂದು ಸಾಲು ಸೇರಿಸಿ, ಪರದೆ ಎಳೆದು, ಗಂಡಸು ಸಿಬ್ಬಂದಿಯಿಂದ ಕೇಳಿಸಿ, ವರ್ಷಕ್ಕೊಮ್ಮೆ ಟೆಸ್ಟೋಸ್ಟೆರೋನ್, ಪ್ರೊಲ್ಯಾಕ್ಟಿನ್ ನೋಡುವ ಏರ್ಪಾಡು ಮಾಡಿ. ಇದಕ್ಕೆ ಹೊಸ ಯಂತ್ರ, ಕಟ್ಟಡ ಯಾವುದೂ ಬೇಡ. ಓದುಗರಲ್ಲಿ ಯಾರ ಮನೆಯಲ್ಲಾದರೂ ಕಿಡ್ನಿ ಕಾಯಿಲೆಯ ಗಂಡಸಿದ್ದರೆ, ಅವರು ಕೇಳುವವರೆಗೂ ಕಾಯಬೇಡಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಪೊಟ್ಟಣಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಮಾತು ಅಲ್ಲಿಂದ ತಾನಾಗಿ ಶುರುವಾಗುತ್ತದೆ.